ನಡಿಗೆಯ ಜೊತೆಗೆ ವಾರಕ್ಕೆರಡು ದಿನ ಭಾರ: ಅರವತ್ತು ದಾಟಿದವರು ಮನೆಯಲ್ಲೇ ಬಲ ಬೆಳೆಸಿಕೊಳ್ಳುವ ಕ್ರಮ

ದಾವಣಗೆರೆಯ ಕುಂದವಾಡ ಕೆರೆಯ ಬಳಿ ಬೆಳಗಿನ ನಡಿಗೆ ತಪ್ಪಿಸದ ಹಿರಿಯರಿಂದಲೂ ಚಿತ್ರದುರ್ಗದ ಕಡೆಯ ಓದುಗರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ದಿನವೂ ಮುಕ್ಕಾಲು ಗಂಟೆ ನಡೆಯುತ್ತೇನೆ, ಸಕ್ಕರೆ ಮತ್ತು ಬಿ.ಪಿ. ಹತೋಟಿಯಲ್ಲಿವೆ, ಆದರೂ ನೆಲದ ಮೇಲೆ ಕೂತರೆ ಏಳಲು ಕೈ ಊರಬೇಕಾಗುತ್ತದೆ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಗುತ್ತದೆ. ಇದಕ್ಕೇನು ಮಾಡಬೇಕು?

ನಡಿಗೆ ಹೃದಯಕ್ಕೆ, ಶ್ವಾಸಕ್ಕೆ, ಸಕ್ಕರೆಗೆ ಒಳ್ಳೆಯದು, ಅದನ್ನು ಬಿಡಬೇಡಿ. ಆದರೆ ಸಮತಟ್ಟಾದ ದಾರಿಯಲ್ಲಿ ತೊಡೆಯ ಮೇಲೆ ಬೀಳುವ ಹೊರೆ ಮೊದಲ ದಿನ ಎಷ್ಟೋ ಐದು ವರ್ಷದ ನಂತರವೂ ಅಷ್ಟೇ. ಹೊರೆ ಹೆಚ್ಚದಿದ್ದರೆ ಸ್ನಾಯು ಬಲಗೊಳ್ಳಲು ಕಾರಣವೇ ಇರುವುದಿಲ್ಲ. ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಅದರ ವೇಗ ಇನ್ನೂ ಹೆಚ್ಚುತ್ತದೆ ಎಂಬುದು ಸಾಮಾನ್ಯ ಅಂದಾಜು. ವಯಸ್ಸಿನೊಂದಿಗೆ ಸ್ನಾಯು ಮತ್ತು ಬಲ ಎರಡೂ ಕುಗ್ಗುವ ಈ ಸ್ಥಿತಿಗೆ ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ. ಮೊದಲು ಕುಗ್ಗುವುದು ಥಟ್ಟನೆ ಬಲ ಹಾಕುವ ಎಳೆಗಳು. ಎಡವಿದಾಗ ಕಾಲನ್ನು ಮುಂದಿಟ್ಟು ದೇಹವನ್ನು ತಡೆಯುವುದು ಇವೇ ಆದ್ದರಿಂದ, ಚೆನ್ನಾಗಿ ನಡೆಯುವವರೂ ಬಚ್ಚಲಲ್ಲಿ ಜಾರಿದಾಗ ಸಾವರಿಸಿಕೊಳ್ಳಲಾರದೆ ಬೀಳುತ್ತಾರೆ.

ಇದನ್ನು ಸಾಕಷ್ಟು ಮಟ್ಟಿಗೆ ಹಿಂದಿರುಗಿಸಬಹುದು. 1990ರಲ್ಲಿ ಬಾಸ್ಟನ್‌ನಲ್ಲಿ ಆರೈಕೆ ಕೇಂದ್ರವೊಂದರಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದಾಗ, ಅದನ್ನು ಪೂರ್ತಿ ಮಾಡಿದವರ ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಏರಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ನಡಿಗೆಯಂಥ ಚಟುವಟಿಕೆಯ ಜೊತೆಗೆ, ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮವನ್ನೂ ಮೂರು ದಿನ ಸಮತೋಲನಕ್ಕೆ ಒತ್ತು ಕೊಡುವ ವ್ಯಾಯಾಮವನ್ನೂ ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಮಾತ್ರ ಪಾಲಿಸಿ ಉಳಿದೆರಡನ್ನು ಬಿಟ್ಟಿರುತ್ತಾರೆ. ಈ ಲೇಖನ ಆ ಉಳಿದೆರಡರ ಕುರಿತು.

ಹಂತ 1: ವೈದ್ಯರೊಂದಿಗೆ ಮಾತು

ಮನೆಯಲ್ಲಿ ಕುರ್ಚಿಯಿಂದ ಎದ್ದು ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಭಾರ ಎತ್ತುವ ಮೊದಲು ಕೆಲವರು ತಮ್ಮ ವೈದ್ಯರನ್ನು ಕಂಡೇ ಮುಂದುವರಿಯಬೇಕು: ನಡೆಯುವಾಗ ಎದೆ ಹಿಡಿದಂತಾಗುವವರು, ಹೃದಯಾಘಾತ, ಸ್ಟೆಂಟ್ ಅಥವಾ ಪಾರ್ಶ್ವವಾಯು ಆಗಿ ಹೆಚ್ಚು ಕಾಲವಾಗದವರು, ಹರ್ನಿಯಾ ಇರುವವರು, ಇತ್ತೀಚೆಗೆ ಕಣ್ಣಿನ ಪೊರೆಯ ಅಥವಾ ಬೇರೆ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆಗೆ ತೊಂದರೆ ಆಗಿರುವವರು. ಬಿ.ಪಿ. 180/110 ದಾಟಿರುವ ದಿನ ವ್ಯಾಯಾಮ ಬೇಡ.

ಔಷಧಿಗಳ ವಿಷಯದಲ್ಲಿ ಮೂರು ಸಂಗತಿ ತಿಳಿದಿರಲಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ಹೊತ್ತಿನಲ್ಲಿ ಸಕ್ಕರೆ ಇಳಿಯಬಹುದು. ಖಾಲಿ ಹೊಟ್ಟೆಯಲ್ಲಿ ಮಾಡದೆ, ಅಳೆದಾಗ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಆರಂಭಿಸಬೇಕು. ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರ ನಾಡಿ ಶ್ರಮಕ್ಕೆ ತಕ್ಕಂತೆ ಏರುವುದಿಲ್ಲ. ಅವರು ಕೈಗಡಿಯಾರ ತೋರಿಸುವ ಅಂಕಿಯನ್ನು ನಂಬದೆ ಆಯಾಸವನ್ನೇ ಅಳತೆ ಮಾಡಿಕೊಳ್ಳಬೇಕು. ಬಿ.ಪಿ. ಮಾತ್ರೆಯಿಂದ ಎದ್ದ ಕೂಡಲೇ ತಲೆ ಸುತ್ತುವವರು ಪ್ರತಿ ಬಾರಿ ನಿಂತಾಗಲೂ ಎರಡು ಉಸಿರು ಕಾದು ಮುಂದಿನದನ್ನು ಮಾಡಬೇಕು.

ನಮ್ಮ ಕಡೆಗೇ ಸೇರಿದ ಇನ್ನೊಂದು ಮಾತು. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆ ಮತ್ತು ಕೀಲುಗಳು ಬಿಗಿಯಾಗಬಹುದು. ಅಂಥ ಊರಿನಲ್ಲಿ ಬೆಳೆದು ಈಗ ಕತ್ತು ತಿರುಗಿಸಲು, ಸೊಂಟ ಬಗ್ಗಿಸಲು ಕಷ್ಟವಾಗುತ್ತಿದ್ದರೆ ಅದನ್ನು ವಯಸ್ಸಿನ ಖಾತೆಗೆ ಹಾಕದೆ ಮೂಳೆ ವೈದ್ಯರಿಗೆ ತೋರಿಸಿ. ಬಿಗಿಯಾದ ಕೀಲನ್ನು ಒತ್ತಾಯದಿಂದ ಬಗ್ಗಿಸುವುದರಿಂದ ಲಾಭವಿಲ್ಲ, ಕೇಡಾಗಬಹುದು.

ಹಂತ 2: ಈಗ ಎಷ್ಟು ಬಲವಿದೆ ಎಂದು ಅಳೆಯುವುದು

ಕೈಗಳಿಲ್ಲದ, ಸುಮಾರು 17 ಇಂಚು ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಪೂರ್ತಿ ಕೂರಬಲ್ಲಿರಿ ಎಂದು ಮನೆಯವರೊಬ್ಬರು ಮೊಬೈಲಿನಲ್ಲಿ ಸಮಯ ಹಿಡಿದು ಎಣಿಸಲಿ. ಅಮೆರಿಕದಲ್ಲಿ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಅದು ಸರಾಸರಿಗಿಂತ ಕೆಳಗೆ. 70ರಿಂದ 74ರವರಿಗೆ ಆ ಅಂಕಿಗಳು 12 ಮತ್ತು 10. ಕೈ ಊರದೆ ಏಳಲು ಆಗಲೇ ಇಲ್ಲವೆಂದರೆ ನಿಮ್ಮ ಅಂಕಿ ಸೊನ್ನೆ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಎಲ್ಲಿಂದ ಹೊರಡಬೇಕು ಎಂಬುದು ತಿಳಿದಂತಾಯಿತು. ಅಂಕಿಯನ್ನು ಕ್ಯಾಲೆಂಡರಿನ ಮೇಲೆ ದಿನಾಂಕದ ಜೊತೆ ಬರೆದಿಡಿ, ಮೂರು ತಿಂಗಳ ನಂತರ ಮತ್ತೆ ಅಳೆಯಿರಿ. ತೂಕದ ಯಂತ್ರದ ಮೇಲೆ ಪ್ರತಿದಿನ ನಿಲ್ಲುವುದಕ್ಕಿಂತ ಈ ಅಂಕಿ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಹಂತ 3: ಬೇಕಾಗುವ ಸಾಮಾನು

ದುಡ್ಡು ಖರ್ಚಾಗುವಂಥದ್ದೇನೂ ಇಲ್ಲ. ಗಟ್ಟಿ ಕುರ್ಚಿ, ಎರಡು ಒಂದು ಲೀಟರಿನ ನೀರಿನ ಬಾಟಲಿ (ತುಂಬಿದರೆ ಒಂದೊಂದೂ ಒಂದು ಕಿಲೋ), ಗಟ್ಟಿ ಹಿಡಿಕೆಯ ಎರಡು ಕೈಚೀಲ, ಅವುಗಳೊಳಗೆ ಹಾಕಲು ಅಕ್ಕಿ ಅಥವಾ ಜೋಳದ ಕಿಲೋ ಪೊಟ್ಟಣಗಳು, ಮತ್ತು ಒಂದು ಹಳೆಯ ಸೈಕಲ್ ಟ್ಯೂಬ್ ಸಾಕು. ಟ್ಯೂಬಿನ ವಾಲ್ವ್ ಇರುವ ಭಾಗವನ್ನು ಸೈಕಲ್ ಶಾಪಿನಲ್ಲಿ ಕತ್ತರಿಸಿಸಿಕೊಂಡು, ಪ್ರತಿ ಬಾರಿ ಬಳಸುವ ಮೊದಲು ಎಳೆದು ಬಿರುಕು ಬಿಟ್ಟಿದೆಯೇ ನೋಡಿ. ಎಳೆಯುವಾಗ ಹರಿದರೆ ಮುಖಕ್ಕೆ ಹೊಡೆಯುತ್ತದೆ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ನೆಲದ ಮೇಲೆ ಹಿಂದಕ್ಕೆ ಸರಿಯುವುದು ತೀರಾ ಸಾಮಾನ್ಯವಾದ್ದರಿಂದ ಗೋಡೆಯ ಆಸರೆ ಇಲ್ಲದೆ ಅದನ್ನು ಬಳಸಲೇಬಾರದು. ಕಾಲುಚೀಲ ಬೇಡ, ಬರಿಗಾಲು ಸರಿ; ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಬೂಟು ಹಾಕಿಕೊಳ್ಳಲಿ.

ಹಂತ 4: ಮೊದಲ ನಾಲ್ಕು ವಾರ

ಎರಡು ಪದಗಳು ಮುಂದೆ ಬರುತ್ತವೆ. ಒಂದು ಚಲನೆಯನ್ನು ಒಮ್ಮೆ ಪೂರ್ತಿ ಮಾಡುವುದು ಒಂದು ರೆಪ್. ನಡುವೆ ನಿಲ್ಲಿಸದೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್. ಮೊದಲ ಎರಡು ವಾರ ಪ್ರತಿ ವ್ಯಾಯಾಮಕ್ಕೆ ಒಂದೇ ಸೆಟ್, ಆಮೇಲೆ ಎರಡು. ಸೆಟ್‌ಗಳ ನಡುವೆ ಎರಡು ನಿಮಿಷ ವಿಶ್ರಾಂತಿ. ಸೋಮವಾರ ಮತ್ತು ಗುರುವಾರ ಎಂಬಂತೆ ಎರಡು ದಿನ ಗೊತ್ತುಮಾಡಿಕೊಳ್ಳಿ. ಸ್ನಾಯು ಬಲಗೊಳ್ಳುವುದು ವಿಶ್ರಾಂತಿಯ ಹೊತ್ತಿನಲ್ಲಿ, ಆದ್ದರಿಂದ ಎರಡು ದಿನಗಳ ನಡುವೆ ಕನಿಷ್ಠ 48 ಗಂಟೆ ಅಂತರ ಇರಲಿ. ಆರಂಭದಲ್ಲಿ ಐದು ನಿಮಿಷ ಮನೆಯೊಳಗೇ ಓಡಾಡಿ ಮೈ ಬೆಚ್ಚಗೆ ಮಾಡಿಕೊಳ್ಳಿ.

ಕುರ್ಚಿಯಿಂದ ಏಳುವುದು. ಇದೊಂದನ್ನೇ ಮಾಡಿದರೂ ಅರ್ಧ ಕೆಲಸ ಆದಂತೆ, ಹಾಗಾಗಿ ಇದನ್ನು ವಿವರವಾಗಿ ಹೇಳುತ್ತೇನೆ. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕೂತು, ಪಾದಗಳನ್ನು ಸೊಂಟದಷ್ಟು ಅಗಲಕ್ಕಿಟ್ಟು, ಹಿಮ್ಮಡಿಗಳು ಮೊಣಕಾಲಿಗಿಂತ ತುಸು ಹಿಂದೆ ಬರುವಂತೆ ಎಳೆದುಕೊಳ್ಳಿ. ಬೆನ್ನನ್ನು ಗೂನು ಮಾಡದೆ, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವವರೆಗೆ ಮುಂದಕ್ಕೆ ಬಾಗಿ, ಹಿಮ್ಮಡಿಯಿಂದ ನೆಲವನ್ನು ಒತ್ತುತ್ತ ‘ಒಂದು, ಎರಡು’ ಎಂದು ಗಟ್ಟಿಯಾಗಿ ಎಣಿಸುತ್ತ ಎದ್ದು ನೆಟ್ಟಗೆ ನಿಲ್ಲಿ. ಕೂರುವಾಗ ‘ಒಂದು, ಎರಡು, ಮೂರು, ನಾಲ್ಕು’ ಎಣಿಸುವಷ್ಟು ನಿಧಾನ ಬೇಕು. ಬಹುತೇಕರು ತಪ್ಪುವುದು ಇಲ್ಲಿಯೇ: ಕೊನೆಯ ನಾಲ್ಕು ಇಂಚಿನಲ್ಲಿ ಧೊಪ್ಪನೆ ಬಿದ್ದುಬಿಡುತ್ತಾರೆ. ಆ ನಾಲ್ಕು ಇಂಚಿನಲ್ಲೇ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವ ಕೆಲಸ ಕಲಿಯುವುದು. ಚಿತ್ರದುರ್ಗದ ಕೋಟೆಯನ್ನು ಹತ್ತಿ ಬಂದವರಿಗೆ ಹತ್ತುವಾಗ ಏದುಸಿರು ಬಂದರೂ, ಮರುದಿನ ತೊಡೆ ನೋಯುವುದು ಮುಖ್ಯವಾಗಿ ಇಳಿದ ಮೆಟ್ಟಿಲುಗಳಿಂದ; ಕಾರಣ ಇದೇ. ಏಳುವಾಗ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಗೆ ಬೀಳುತ್ತಿದ್ದರೆ ಅವನ್ನು ಪಾದದ ಎರಡನೆಯ ಬೆರಳಿನ ನೇರಕ್ಕೆ ಹಿಡಿದಿಡಿ.

ಏಳಲು ಆಗದವರು ಕುರ್ಚಿಯ ಮೇಲೆ ಗಟ್ಟಿಯಾಗಿ ಮಡಿಸಿದ ಒಂದೆರಡು ಕಂಬಳಿ ಹಾಕಿ ಎತ್ತರ ಹೆಚ್ಚಿಸಿಕೊಳ್ಳಲಿ, ಅದು ಸುಲಭವಾದ ಮೇಲೆ ಒಂದೊಂದೇ ಮಡಿಕೆ ತೆಗೆಯಲಿ. ಎಂಟರಿಂದ ಹನ್ನೆರಡು ಸಲ ಗುರಿ. ಮೊಣಕಾಲು ಸವೆತ ಇರುವವರು ವ್ಯಾಯಾಮವೇ ಬೇಡವೆಂದು ಕೈಬಿಡುವುದು ದೊಡ್ಡ ತಪ್ಪು; ತೊಡೆಯ ಸ್ನಾಯು ಬಲಗೊಂಡಷ್ಟೂ ಸವೆದ ಕೀಲಿನ ನೋವು ಕಡಿಮೆಯಾಗುತ್ತದೆ. ಮಾಡುವಾಗ ತುಸು ನೋವಾಗಿ ಮರುದಿನ ಬೆಳಗ್ಗೆಯೊಳಗೆ ಇಳಿದರೆ ಮುಂದುವರಿಸಿ. ಮೊಣಕಾಲು ಊದಿಕೊಂಡರೆ ಅಥವಾ ನೋವು 24 ಗಂಟೆ ಮೀರಿ ಉಳಿದರೆ ಮುಂದಿನ ಸಲ ಕುರ್ಚಿ ಎತ್ತರಿಸಿ, ಸಂಖ್ಯೆ ಇಳಿಸಿ.

ಗೋಡೆ ದಂಡ. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಗೋಡೆಗೂರಿ, ಮೊಣಕೈ ಮಡಿಸಿ ಎದೆಯನ್ನು ಹತ್ತಿರ ತಂದು ಮತ್ತೆ ದೂಡಿಕೊಳ್ಳಿ. ತಲೆಯಿಂದ ಹಿಮ್ಮಡಿಯವರೆಗೆ ದೇಹ ನೆಟ್ಟಗಿರಲಿ. ಸುಲಭವಾದ ಮೇಲೆ ಅಡುಗೆಮನೆಯ ಕಟ್ಟೆಗೆ ಕೈಯೂರಿ ಮಾಡಿ.

ಟ್ಯೂಬ್ ಎಳೆಯುವುದು. ಟ್ಯೂಬನ್ನು ಕಿಟಕಿಯ ಸರಳಿಗೆ ಸುತ್ತಿ, ಎರಡು ತುದಿಗಳನ್ನೂ ಹಿಡಿದು, ಮೊಣಕೈಗಳು ಪಕ್ಕೆಯನ್ನು ಸವರುತ್ತ ಹಿಂದೆ ಹೋಗುವಂತೆ ಎಳೆಯಿರಿ. ಭುಜ ಕಿವಿಯತ್ತ ಏರಬಾರದು. ದಿನವಿಡೀ ಬಾಗಿ ಕೂತು ಮೊಬೈಲ್ ನೋಡುವವರ ಬೆನ್ನಿನ ಮೇಲ್ಭಾಗಕ್ಕೆ ಇದು ಬೇಕೇ ಬೇಕು.

ಸೊಂಟ ಮಡಿಸಿ ಎತ್ತುವುದು. ನೆಲದಿಂದ ಬಿಂದಿಗೆ, ಮೊಮ್ಮಗು, ಸಿಲಿಂಡರ್ ಎತ್ತುವಾಗ ಸೊಂಟ ಹಿಡಿಯದಿರಲು ಕಲಿಯಬೇಕಾದ ಚಲನೆ ಇದು. ಎರಡು ಕಿಲೋ ತುಂಬಿದ ಕೈಚೀಲವನ್ನು ಒಂದಡಿ ಎತ್ತರದ ಸ್ಟೂಲಿನ ಮೇಲಿಡಿ. ಮೊಣಕಾಲನ್ನು ತುಸು ಮಡಿಸಿ, ಹಿಂದಿರುವ ಬಾಗಿಲನ್ನು ಕುಂಡೆಯಿಂದ ನೂಕುತ್ತಿದ್ದೀರಿ ಎಂಬಂತೆ ಸೊಂಟವನ್ನು ಹಿಂದಕ್ಕೆ ಕಳುಹಿಸಿ, ಬೆನ್ನು ನೇರ ಇಟ್ಟುಕೊಂಡೇ ಚೀಲ ಹಿಡಿದು ಎದ್ದು ನಿಲ್ಲಿ. ಮೂಳೆ ಸವಕಳಿ, ಅಂದರೆ ಆಸ್ಟಿಯೊಪೊರೋಸಿಸ್, ಇರುವ ಹೆಂಗಸರು ಬೆನ್ನು ಗೂನು ಮಾಡಿ ಬಾಗುವ ಯಾವ ವ್ಯಾಯಾಮವನ್ನೂ ಮಾಡಬಾರದು. ಬೆನ್ನುಮೂಳೆಯ ಮುಂಭಾಗ ಕುಸಿಯುವ ಅಪಾಯವಿದೆ.

ಹಿಮ್ಮಡಿ ಎತ್ತುವುದು. ಅಡುಗೆಮನೆಯ ಕಟ್ಟೆ ಹಿಡಿದು ಮುಂಗಾಲ ಮೇಲೆ ನಿಧಾನ ಏರಿ, ನಿಧಾನ ಇಳಿಯಿರಿ. ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ.

ಎಲ್ಲದರಲ್ಲೂ ಉಸಿರು ಬಿಗಿಹಿಡಿಯುವುದನ್ನು ತಪ್ಪಿಸಬೇಕು. ಉಸಿರು ಕಟ್ಟಿ ಮುಕ್ಕಿದರೆ ಬಿ.ಪಿ. ಒಮ್ಮೆಲೇ ಮೇಲೇರುತ್ತದೆ. ಗಟ್ಟಿಯಾಗಿ ಎಣಿಸಿರೆಂದು ಹೇಳಿದ್ದು ಅದಕ್ಕೇ: ಮಾತನಾಡುತ್ತಿರುವವರು ಉಸಿರು ಕಟ್ಟಲಾರರು. ಎದೆನೋವು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಒಂದು ಪಕ್ಕ ಬಲಹೀನವಾಗುವುದು, ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಸ್ವಲ್ಪ ಮಲಗಿ ನೋಡೋಣ ಎಂದು ಕಾಯಬೇಡಿ.

ಹಂತ 5: ಭಾರ ಏರಿಸುವುದು

ನಾಲ್ಕು ವಾರವಾದ ಮೇಲೆ ಬಹಳ ಮಂದಿ ಇದ್ದಲ್ಲೇ ನಿಲ್ಲುತ್ತಾರೆ. ಅದೇ ಕುರ್ಚಿ, ಅದೇ ಬಾಟಲಿ, ವರ್ಷಗಟ್ಟಲೆ. ಆಗ ಈ ವ್ಯಾಯಾಮವೂ ನಡಿಗೆಯ ಹಾದಿಯನ್ನೇ ಹಿಡಿಯುತ್ತದೆ. ಹೊರೆಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುವುದೇ ಬಲ ತರಬೇತಿಯ ತಿರುಳು.

ನಿಯಮ ಸರಳ. ಒಂದು ಸೆಟ್ ಮುಗಿದಾಗ ಇನ್ನು ಎರಡು ಮೂರು ಸಲ ಮಾಡಬಹುದಿತ್ತು ಎನಿಸಿದರೆ ಭಾರ ಸರಿಯಾಗಿದೆ. ಇನ್ನೂ ಹತ್ತು ಮಾಡಬಹುದಿತ್ತು ಎನಿಸಿದರೆ ಕಡಿಮೆಯಾಯಿತು. ಕೊನೆಯ ರೆಪ್‌ನಲ್ಲಿ ಮೈ ಸೊಟ್ಟಗಾಗಿದ್ದರೆ ಹೆಚ್ಚಾಯಿತು. ಎರಡೂ ಸೆಟ್‌ಗಳಲ್ಲಿ ಹನ್ನೆರಡು ರೆಪ್ ಸರಿಯಾಗಿ ಬಂದು, ಮುಂದಿನ ಸಲವೂ ಹಾಗೆಯೇ ಬಂದರೆ ಅರ್ಧ ಅಥವಾ ಒಂದು ಕಿಲೋ ಸೇರಿಸಿ. ರೆಪ್ ಎಂಟಕ್ಕೆ ಇಳಿಯಬಹುದು. ಅಲ್ಲಿಂದ ಮತ್ತೆ ಹನ್ನೆರಡಕ್ಕೆ ಏರಿ. ಕುರ್ಚಿಯ ವ್ಯಾಯಾಮದಲ್ಲಿ ಜೋಳದ ಚೀಲವನ್ನು ಎದೆಗೆ ಅವಚಿಕೊಂಡು ಏಳಬಹುದು. ಟ್ಯೂಬಿನಲ್ಲಾದರೆ ಒಂದು ಹೆಜ್ಜೆ ಹಿಂದೆ ನಿಂತರೆ ಎಳೆತ ಹೆಚ್ಚುತ್ತದೆ. ಏನು ಮಾಡಿದಿರಿ, ಎಷ್ಟು ಕಿಲೋ, ಎಷ್ಟು ಸಲ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯದಿದ್ದರೆ ಭಾರ ಏರುವುದೇ ಇಲ್ಲ. ನೆನಪು ಯಾವಾಗಲೂ ಸುಲಭವಾದ ಸಂಖ್ಯೆಯನ್ನೇ ಹೇಳುತ್ತದೆ.

ದಾವಣಗೆರೆ ಗರಡಿಮನೆಗಳ ಊರು. ಹರೆಯದಲ್ಲಿ ಬಸ್ಕಿ, ದಂಡ ಹೊಡೆದು ಸಾಮು ಮಾಡಿದವರಿಗೆ ಒಂದು ವಿಶೇಷ ಎಚ್ಚರಿಕೆ. ಚಲನೆಯ ನೆನಪು ಮೈಯಲ್ಲಿ ಉಳಿದಿರುತ್ತದೆ, ಸ್ನಾಯುವೂ ಬೇಗ ಮರಳುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹೊರೆಗೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಮೊದಲ ದಿನವೇ ಐವತ್ತು ಬಸ್ಕಿ ಹೊಡೆದವರು ಆಮೇಲೆ ಮೊಣಕಾಲಿನ ಕೆಳಗಿನ ನೋವೆಂದು ಹೇಳಿಕೊಳ್ಳುವುದು ಇದನ್ನೇ. ವ್ಯಾಯಾಮದ ಮರುದಿನದಿಂದ ಎರಡು ಮೂರು ದಿನ ಸ್ನಾಯುವಿನ ಉದ್ದಕ್ಕೂ ಹರಡಿದಂತೆ ಇರುವ ಮೈಕೈ ನೋವು ಸಹಜ. ಕೀಲಿನ ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು ಸಹಜವಲ್ಲ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ತೀವ್ರವಾಗಿ ಘಾಸಿಗೊಂಡಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ತಿಂಗಳಿಂದ ಹೊತ್ತು ನಡೆಯುವುದನ್ನು ಸೇರಿಸಬಹುದು. ಎರಡು ಚೀಲಗಳಲ್ಲಿ ಸಮನಾಗಿ ತೂಕ ಹಾಕಿ, ಎದೆ ಎತ್ತಿ, ಮನೆಯ ಮುಂದೆ ಒಂದು ನಿಮಿಷ ಓಡಾಡಿ. ಹಿಡಿತ, ಭುಜ, ಸೊಂಟ ಎಲ್ಲಕ್ಕೂ ಇದು ಕೆಲಸ ಕೊಡುತ್ತದೆ, ಸಂತೆಯಿಂದ ಬರುವಾಗಲೂ ಮಾಡಬಹುದು.

ಹಂತ 6: ಸಮತೋಲನ

ವಾರಕ್ಕೆ ಮೂರು ದಿನ, ಐದೈದು ನಿಮಿಷ. ಅಡುಗೆಮನೆಯ ಕಟ್ಟೆಯ ಬದಿಯಲ್ಲಿ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಯಿರಿ. ಆಮೇಲೆ ಒಂದೇ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿ. ಮೊದಲು ಎರಡು ಕೈ ಹಿಡಿದು, ನಂತರ ಒಂದು ಕೈ, ಆಮೇಲೆ ಒಂದೇ ಬೆರಳು. ಕಣ್ಣು ಮುಚ್ಚಿ ಮಾಡುವ ಪ್ರಯೋಗ ಒಬ್ಬರೇ ಇರುವಾಗ ಬೇಡ.

ಹಂತ 7: ಊಟ

ಹೊರೆ ಹೇಳಿದ ಕೆಲಸವನ್ನು ಮೈ ಮಾಡಬೇಕಾದರೆ ಪ್ರೋಟೀನ್ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಹಿರಿಯರಿಗೆ 1ರಿಂದ 1.2 ಗ್ರಾಂ ಬೇಕೆಂದು ವೃದ್ಧಾಪ್ಯದ ಪೋಷಣೆಯ ತಜ್ಞರು ಹೇಳುತ್ತಾರೆ. 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ ಆಯಿತು.

ನಮ್ಮ ಊಟದಲ್ಲಿ ಇದು ಸಿಗುತ್ತದೆ, ಆದರೆ ತಾನಾಗಿ ಸಿಗುವುದಿಲ್ಲ. ಬೆಳಗ್ಗೆ ಬೆಣ್ಣೆದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ರಾತ್ರಿ ಅನ್ನ ತಿಳಿಸಾರು ಎಂಬ ದಿನದಲ್ಲಿ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಅರ್ಧಕ್ಕೂ ಮುಟ್ಟುವುದು ಕಷ್ಟ. ಇದರ ಬದಲು ನೂರು ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಸುಮಾರು 10 ಗ್ರಾಂ, ಎರಡು ಹೊತ್ತಿಗೆ ಹಂಚಿದ 60 ಗ್ರಾಂ ಹುರುಳಿ, ಹೆಸರು ಅಥವಾ ಅಲಸಂದೆ ಕಾಳಿನಲ್ಲಿ 13, ಒಂದು ಹಿಡಿ ಹುರಿದ ಶೇಂಗಾದಲ್ಲಿ 7, ಹಾಲು ಮೊಸರು ಸೇರಿ ಅರ್ಧ ಲೀಟರಿನಲ್ಲಿ 16, ನೂರು ಗ್ರಾಂ ಅಕ್ಕಿಯ ಅನ್ನದಲ್ಲಿ 7 ಗ್ರಾಂ. ಬೆಳಗಿನ ತಿಂಡಿಯದೂ ಸೇರಿದರೆ ಅರವತ್ತರ ಹತ್ತಿರ ಬಂದಿರಿ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ಎಲ್ಲವನ್ನೂ ಮಧ್ಯಾಹ್ನವೇ ತಿನ್ನದೆ ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಬೇಕು. ಡಬ್ಬಿಯ ಪೌಡರ್ ಬಹುತೇಕರಿಗೆ ಅನಗತ್ಯ.

ಹಂತ 8: ಜಿಮ್‌ಗೆ ಹೋಗುವುದಾದರೆ

ಉದ್ಯಾನಗಳಲ್ಲಿರುವ ತೆರೆದ ಜಿಮ್‌ನ ಯಂತ್ರಗಳು ಮೈ ಸಡಿಲಗೊಳಿಸಲು ಸರಿ, ಆದರೆ ಹೆಚ್ಚಿನವುಗಳಲ್ಲಿ ಭಾರ ಏರಿಸುವ ವ್ಯವಸ್ಥೆ ಇರುವುದಿಲ್ಲ. ಖಾಸಗಿ ಜಿಮ್ ಸೇರುವ ಮೊದಲು ತರಬೇತುದಾರರನ್ನು ಎರಡು ಪ್ರಶ್ನೆ ಕೇಳಿ: ನನ್ನ ಕಾಯಿಲೆ ಮತ್ತು ಮಾತ್ರೆಗಳ ವಿವರ ಬರೆದುಕೊಳ್ಳುತ್ತೀರಾ? ಮೊದಲ ತಿಂಗಳು ಎಷ್ಟು ಭಾರ ಕೊಡುತ್ತೀರಿ? ಮೊದಲನೆಯದಕ್ಕೆ ಉತ್ತರವಿಲ್ಲದ ಕಡೆ ಇಡೀ ವರ್ಷದ ಶುಲ್ಕ ಕಟ್ಟಬೇಡಿ. ಹುಡುಗರ ನಡುವೆ ಮುಜುಗರವೆನಿಸಿದರೆ ಬೆಳಗ್ಗೆ ಹತ್ತರ ನಂತರ ಹೋಗಿ, ಆ ಹೊತ್ತಿಗೆ ಸಾಮಾನ್ಯವಾಗಿ ಖಾಲಿ ಇರುತ್ತದೆ.

ನಡುವೆ ನಿಂತುಹೋದರೆ

ಮದುವೆ, ಜಾತ್ರೆ, ಮಗಳ ಬಾಣಂತನ ಎಂದು ಒಂದು ವಾರ ತಪ್ಪಿದರೆ ಏನೂ ಆಗುವುದಿಲ್ಲ, ಬಿಟ್ಟಲ್ಲಿಂದಲೇ ಹಿಡಿಯಿರಿ. ಎರಡು ವಾರಕ್ಕಿಂತ ಹೆಚ್ಚು ತಪ್ಪಿದ್ದರೆ ಅರ್ಧ ಭಾರದಿಂದ ಶುರುಮಾಡಿ, ಎರಡು ಮೂರು ವಾರಗಳಲ್ಲಿ ಹಳೆಯ ಮಟ್ಟಕ್ಕೆ ಬನ್ನಿ.

ಹಾಸಿಗೆ ಹಿಡಿದಿದ್ದರೆ ಮಾತು ಬೇರೆ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ 2007ರ ಅಧ್ಯಯನವೊಂದರಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಡೆಂಗಿ, ನ್ಯುಮೋನಿಯಾ ಅಥವಾ ಶಸ್ತ್ರಚಿಕಿತ್ಸೆಯ ನಂತರ ಮನೆಗೆ ಬಂದವರಿಗೆ ‘ಸುಮ್ಮನೆ ಮಲಗಿರಿ’ ಎನ್ನುವುದು ಮನೆಯವರ ಪ್ರೀತಿಯೇ ಆದರೂ ಬಲ ಇನ್ನಷ್ಟು ಕಳೆಯುವುದು ಅದರಿಂದಲೇ. ವೈದ್ಯರು ಎದ್ದು ಓಡಾಡಬಹುದು ಎಂದ ದಿನವೇ, ಪಕ್ಕದಲ್ಲಿ ಒಬ್ಬರು ನಿಂತಿರುವಾಗ, ಮಂಚದ ಅಂಚಿನಿಂದ ಐದು ಸಲ ಏಳಿಸಿ ಕೂರಿಸಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಹತ್ತು ಸಲ ಸಲೀಸಾಗಿ ಬಂದ ಮೇಲೆ ಕಂಬಳಿ ಹಾಕಿದ ಕುರ್ಚಿಗೆ ಬನ್ನಿ, ಅಲ್ಲಿಂದ ನಾಲ್ಕನೆಯ ಹಂತವನ್ನು ಹೊಸದಾಗಿ ಆರಂಭಿಸಿ.